ಬಿಗಿ

"ಎಳಿ" ಅಂದಳು ಲೈನೆ. ಎಳೆದೆ.
"ಸಾಲದು."
ಹಿಂದಿನ ಸೀಟಿನಲ್ಲಿ ಅರ್ಧ ಮೈ, ಹೊರಗೆ ಹಿಮದಲ್ಲಿ ಅರ್ಧ,
ಅರವತ್ತೇಳರ ಸೊಂಟ ಬಾಗಿಲಿಗೆ ಒತ್ತಿದೆ.
ಶಾಲೆಯ ಬಸ್ಸು ಓಡಿಸುವವಳು, ನಾಲ್ಕು ಹೆತ್ತವಳು,
ಅವಳಿಗೆ ಎದುರಾಡುವಂತಿಲ್ಲ.

ನೀಲಿ ಗುರುತಿನ ಕೆಳಗೆ ಸೊಂಟದ ಪಟ್ಟಿ,
ಬೆನ್ನ ಹಿಂದೆ ಸುತ್ತಿ ಬರಬೇಕು ಹೆಗಲ ಪಟ್ಟಿ,
ತಿರುಚಿಕೊಂಡರೆ ಬಿಚ್ಚು, ಮತ್ತೆ ಮೊದಲಿಂದ.
ಅಂಗೈ ಊರು, ಸಡಿಲವಿದ್ದಷ್ಟೂ ಎಳೆ,
ಹಿಡಿದು ಅಲುಗಿಸಿ ನೋಡು:
ಬೆರಳಗಲಕ್ಕಿಂತ ಹೆಚ್ಚು ಸರಿದರೆ
ಅದು ಕಟ್ಟಿದ್ದಲ್ಲ, ಬರಿದೆ ಇಟ್ಟದ್ದು.

ಕಟ್ಟುವುದು ನನಗೆ ಹೊಸದೆ?
ಇಪ್ಪತ್ತಾರು ವರ್ಷ ಫೆರ್ರಿಯ ಡೆಕ್ಕಿನ ಮೇಲೆ
ಲಾರಿ ಬಿಗಿದಿದ್ದೇನೆ, ಮರದ ದಿಮ್ಮಿ,
ಒಮ್ಮೆ ಚರ್ಚಿನ ಗಂಟೆ, ಒಮ್ಮೆ
ಮದುವೆಗೆ ಹೊರಟ ಪಿಯಾನೋ.
ಒಂದೂ ಕದಲಿದ್ದಿಲ್ಲ.
ಇದು ಮೂರು ಕಿಲೋ ಇನ್ನೂರು ಗ್ರಾಂ.
ಕೈ ನಡುಗುತ್ತದೆ.

ಲೈನೆಗೆ ಹೇಳಬೇಕಿಲ್ಲ, ಅವಳೂ ಇಲ್ಲಿಯವಳೆ:
ಈ ಕೈ ಮೊದಲು ಕಲಿತದ್ದು ಬಿಚ್ಚುವುದನ್ನು.
ಹೀಯುಮಾದಿಂದ ಆಚೆ ದಡಕ್ಕೆ
ಕಡಲೇ ಹೆಪ್ಪುಗಟ್ಟಿ ರಸ್ತೆಯಾಗುತ್ತಿದ್ದ ಚಳಿಗಾಲಗಳಲ್ಲಿ
ದಡದ ಫಲಕ ಹೇಳುತ್ತಿತ್ತು: ಬೆಲ್ಟು ಹಾಕಬೇಡಿ.
ಕೆಳಗೆ ನೀರು. ಬಿರುಕು ಬಿಟ್ಟರೆ
ಬಿಗಿದುಕೊಂಡವನು ಮೇಲೆ ಬರುವುದಿಲ್ಲ.

ಪಿರೆತ್‌ಗೆ ಆಗ ಹನ್ನೊಂದು ದಿನ.
ತಾಯಿಯ ಮಡಿಲಲ್ಲಿ, ಕಂಬಳಿಯೊಳಗೆ,
ಯಾವುದಕ್ಕೂ ಕಟ್ಟದೆ,
ಬಾಗಿಲು ಅರೆ ತೆರೆದು, ಒಳಗೆಲ್ಲ ಗಾಳಿ.
ಹೆಲ್ಮಿ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ.
ಮಂಜುಗಡ್ಡೆ ಮಾತ್ರ
ಒಣ ಸೌದೆ ಮುರಿದ ಹಾಗೆ ಮಾತಾಡುತ್ತಿತ್ತು.
ಸಡಿಲವೇ ಅಂದು ನಮ್ಮ ಕಾವಲು.

ಈಗೀಗ ಕಡಲು ಹೆಪ್ಪುಗಟ್ಟುವುದಿಲ್ಲ.
ಹೆಲ್ಮಿಯೂ ಇಲ್ಲ.
ಟಾಲಿನ್ನಿನ ಆಸ್ಪತ್ರೆಯಿಂದ ಪಿರೆತ್ ಫೋನು:
"ಅಪ್ಪಾ, ದಾದಿ ಕೇಳ್ತಿದಾರೆ, ಸೀಟು ಬಿಗಿದೆಯಾ?"

"ಇನ್ನೊಮ್ಮೆ" ಅಂದಳು ಲೈನೆ.
ಮೊಣಕೈ ಊರಿ ಎಳೆದೆ,
ಡೆಕ್ಕಿನ ಹಳೆಯ ಬೈಗುಳವೊಂದು ಬಾಯಿಗೆ ಬಂತು.
ಹಿಡಿದು ಅಲುಗಿಸಿದಳು. ಸೀಟಲ್ಲ, ಕಾರೇ ಅಲುಗಿತು.
"ಹ್ಞೂಂ" ಅಂದಳು. ಅಷ್ಟೆ.

ಫೆರ್ರಿಯಲ್ಲಿ ಹುಡುಗನೊಬ್ಬ ಕೈಸನ್ನೆ ಮಾಡಿ ನಿಲ್ಲಿಸಿದ.
ಯಾವ ಗಾಡಿಗೂ ಸರಪಳಿ ಬಿಗಿಯಲಿಲ್ಲ, ಕಡಲು ಶಾಂತವಂತೆ.
ಎಂಜಿನ್ ಆರಿಸಿ ಕೂತೆ.
ಕನ್ನಡಿಯಲ್ಲಿ ಸೀಟಿನ ಬೆನ್ನು ಮಾತ್ರ.
ಅದರ ಮುಖ ಹಿಂದಕ್ಕೆ;
ನಾಳೆ ಅದರಲ್ಲಿ ಬರುವವಳು ನೋಡುವುದು
ಹೋಗುವ ದಾರಿಯನ್ನಲ್ಲ, ದಾಟಿ ಬಂದದ್ದನ್ನು.

ಕೆಳಗೆ ನೀರಿದೆಯೆಂದು ಕೈಗೆ ಗೊತ್ತು.
ತಾನಾಗಿ ಹೋಯಿತು ಕೆಂಪು ಗುಂಡಿಗೆ,
ನನ್ನದನ್ನು ಬಿಚ್ಚಿತು.
ಆಮೇಲೆ ಹಿಂದಕ್ಕೆ ಚಾಚಿತು.
ಪಟ್ಟಿಯನ್ನು ಬೆರಳಿಂದ ಮೀಟಿದೆ:
ತಂತಿಯ ಬಿಗಿ.
ಖಾಲಿ ಸೀಟು.
ಇರಲೊ, ಬಿಚ್ಚಲೊ ಎನ್ನುತ್ತ
ಆಚೆ ದಡ ಬಂದು ತಾಗುವವರೆಗೂ
ಗುಂಡಿಯ ಮೇಲಿಂದ ಬೆರಳು ತೆಗೆಯಲಿಲ್ಲ,
ಒತ್ತಲೂ ಇಲ್ಲ.