ಪರಿಚಯ, ನಾಲ್ಕು ಸಾಲಿನಲ್ಲಿ

‘ನಿಮ್ಮ ಪರಿಚಯ ನಾಲ್ಕೇ ಸಾಲು ಬರದು ಕಳಸ್ರಿ,
ಕಾರ್ಡಿನ್ಯಾಗ ಜಾಗ ಇಲ್ರಿ’ ಅಂದಿರಿ ಫೋನಿನಲ್ಲಿ.
ಬರೆಯುತ್ತಿದ್ದೇನೆ ಸರ್. ಇದು ಐದನೆಯ ಹಾಳೆ.

ಮಹಾನಂದಾ ಶಿವಶರಣಪ್ಪ ಜಳಕೋಟಿ.
ಏಳನೆಯ ಇಯತ್ತೆವರೆಗೆ ಸೊಲ್ಲಾಪುರದ ನಿಮ್ಮದೇ ಶಾಲೆ,
ತಗಡಿನ ಕೆಳಗೆ ಕನ್ನಡ, ಅಂಗಳ ದಾಟಿದರೆ ಮರಾಠಿ,
ಮಗ್ಗಿ ಮಾತ್ರ ಎರಡೂ ಕಡೆ ಅಷ್ಟಕ್ಕಷ್ಟೇ.

ಅಪ್ಪ ಅಕ್ಕಲಕೋಟ ರೋಡಿನ ಶೆಡ್ಡಿನಲ್ಲಿ ಚಾದರ ನೇಯುತ್ತಿದ್ದ.
ಮಗ್ಗದ ನೆತ್ತಿಗೆ ತೂತು ಹೊಡೆದ ರಟ್ಟಿನ ಸರ,
ತೂತಿದ್ದಲ್ಲಿ ಎಳೆ ಏಳುವುದು, ಇಲ್ಲದಲ್ಲಿ ಇಲ್ಲ,
ಹೀಗೆ ಒಂದು ನವಿಲು.
‘ಅಲ್ಲಿಂದಲೇ ಶುರುವಾಯಿತಲ್ಲವೆ ಮೇಡಂ?’ ಎಲ್ಲರೂ ಕೇಳುತ್ತಾರೆ.
ಅಲ್ಲ. ಆ ತೂತಿನಲ್ಲಿ ಸೂರ್ಯನನ್ನು ನೋಡಿ
ಬೈಸಿಕೊಂಡದ್ದಷ್ಟೇ ನೆನಪು.

ಶುರುವಾದದ್ದು ಸದ್ದಿನಿಂದ.
ಇಪ್ಪತ್ತು ಮಗ್ಗ. ನನಗೆ ಆರು ತುಂಬುವ ಮೊದಲೇ
ಅಪ್ಪನ ಎಡಗಿವಿ ಹೋಗಿತ್ತು.
ಎಳೆ ಹರಿದರೆ ಕೇಳಿಸದು, ಮಂಕು ಬಲ್ಬಿನಡಿ ಕಾಣಿಸದು.
ಹಾಸಿನ ಮೇಲೆ ಅಂಗೈ ಆಡಿಸುತ್ತಿದ್ದ
ಯಾವ ಎಳೆಯನ್ನೂ ಹಿಡಿಯದೆ, ಬಣ್ಣ ಯಾವುದೆಂದು ನೋಡದೆ;
ಇದಕ್ಕೂ ಪಕ್ಕದ್ದಕ್ಕೂ ಬಿಗಿ ಒಂದೇನಾ
ಅಷ್ಟೇ ಕೇಳುವ ಅಂಗೈ.
‘ಇಲ್ಲಿ’ ಅನ್ನುತ್ತಿದ್ದ. ಅಲ್ಲೇ ಇರುತ್ತಿತ್ತು.

ಇನ್ನು ನಿಮಗೆ ಬೇಕಾದ ಭಾಗ:
ಪುಣೆ, ಅಲಹಾಬಾದು, ಮೂರು ವರ್ಷ ಡೆಲ್ಫ್ಟ್ ಎಂಬ ಒದ್ದೆ ಊರು.
ಕ್ವಾಂಟಮ್ ಕಣ ಮುಟ್ಟಿ ನೋಡಿದರೆ
ಹೇಳಬೇಕಾದ್ದನ್ನೇ ಮರೆಯುತ್ತದೆ.
ನಕಲು ತೆಗೆದಿಡೋಣವೆಂದರೆ ನಿಸರ್ಗದ ಒಪ್ಪಿಗೆಯಿಲ್ಲ.
ಸುತ್ತ ಸದ್ದು. ಅದರಲ್ಲಿ ಕೆಟ್ಟದ್ದೆಲ್ಲಿ ಎಂದು
ಮಾತನ್ನು ಓದದೆಯೇ ತಿಳಿಯಬೇಕು.
ಇಪ್ಪತ್ತಾರು ವರ್ಷದಿಂದ ಇದಕ್ಕೇ ಪಗಾರ.

ಒಂಬತ್ತು ವರ್ಷ ಒಂದೇ ಅಸಮತೆಯ ಬೆನ್ನು ಹತ್ತಿದ್ದೆ.
ಒಂದು ಮಂಗಳವಾರ, ಸಾವೊ ಪಾಲೊದ ಹುಡುಗನೊಬ್ಬ
ಎರಡು ಪುಟದಲ್ಲಿ ಮುಗಿಸಿದ.
ಅವನ ಸಾಧನೆಯನ್ನು ಮೂರು ಸಲ ಓದಿದೆ, ತಪ್ಪು ಸಿಗಲೆಂದು.
ಅಂಗೈ ಆಡಿಸಿದೆ. ಬಿಗಿ ಎಲ್ಲೆಡೆ ಸರಿಯಿತ್ತು.
ಆ ರಾತ್ರಿ ಅಡುಗೆ ಮಾಡಲಿಲ್ಲ.
ಬೆಳಗಿನ ಜಾವ ಅವನಿಗೆ ಬರೆದೆ: ಚೆಂದ ಇದೆ.

ಅಪ್ಪನಿಗೊಮ್ಮೆ ಇದನ್ನೆಲ್ಲ ಬಲಗಿವಿಯಲ್ಲಿ ಕೂಗಿ ಹೇಳಿದ್ದೆ.
‘ಅಂದ್ರ ಮಾಲು ಯಾವಾಗ ತಯಾರಾಗ್ತದ?’
ನನ್ನ ಕಾಲಕ್ಕೆ ಇಲ್ಲ ಅಂದೆ.
‘ಹಂಗಾರ ಇನ್ನೂ ಹಾಸು ಹೂಡಾಕತ್ತೀರಿ ಅನ್ನು’
ಎಂದವನೇ ಎದ್ದು ಚಹಾಕ್ಕೆ ಹೋದ.

ಸರ್, ನಿನ್ನೆ ಕಾರ್ಡು ಬಂತು.
ನನ್ನ ನಾಲ್ಕು ಸಾಲಿಗೆ ಕಾಯದೆ ಅಚ್ಚು ಹಾಕಿಸಿದ್ದೀರಿ:
‘ಕಂಪ್ಯೂಟರಿನ ದೋಷ ತಿದ್ದುವ ತಜ್ಞೆ.’
ಹೆಸರಿನಲ್ಲಿ ಸೊನ್ನೆಯೊಂದು ಬಿದ್ದು ಮಹಾನದಾ ಆಗಿದ್ದೇನೆ.
ಇರಲಿ ಬಿಡಿ. ಊರಿನವರು ತಾವೇ ತುಂಬಿ ಓದಿಕೊಳ್ಳುತ್ತಾರೆ.
ಅಂಚಿನಲ್ಲಿ ನಿಮ್ಮ ಪೆನ್ನು: ‘ಸಾಲಿದು ಎರಡು ಬಂದ್ ಬಿದ್ದಾವ,
ಬಂದಾಗ ಒಂದೀಟು ನೋಡ್ರಿ.’

ನೋಡುತ್ತೇನೆ.
ಸ್ಕ್ರೂಡ್ರೈವರು ಅಲ್ಲಿ ಸಿಗುತ್ತದಾ, ನಾನೇ ತರಲಾ?