ಪರದೆಯ ಇರುವೆಗಳು

ಸುಂಟಿಕೊಪ್ಪದ ಕ್ಲಬ್ಬಿಗೆ ಮೊದಲ ಟಿ.ವಿ. ಬಂದಾಗ
ಆಂಟೆನಾ ಕಟ್ಟಲು ಮಾಡು ಹತ್ತಿದವನು ನಾನೇ, ಮೊಯ್ದು.
‘ಬಂತಾ?’ ಅಂತ ಮೇಲಿಂದ ಕೂಗಿದರೆ
‘ಬರೀ ಇರುವೆ!’ ಅಂತ ಕೆಳಗಿಂದ.

ಸಂಜೆ ಆ ಇರುವೆಗಳ ನಡುವಿಂದ ಒಬ್ಬ ಎದ್ದು ಬರುತ್ತಿದ್ದ.
ದಪ್ಪ ಕನ್ನಡಕ, ಇಸ್ತ್ರಿ ಕಾಣದ ಜುಬ್ಬ,
ಮೇಜಿನ ಮೇಲೊಂದು ಬಲ್ಬು, ಒಂದು ಕಿತ್ತಳೆ.
ಕಿತ್ತಳೆ ತಿರುಗಿಸಿ, ಕತ್ತಲಾದ ಬದಿ ತೋರಿಸಿ
ಹಿಂದಿಯಲ್ಲಿ ‘ಯಾಕೆ?’ ಎನ್ನುತ್ತಿದ್ದ.
ಉತ್ತರ ಮುಂದಿನ ವಾರ.
ಮುಂದಿನ ವಾರ ಕರೆಂಟಿಲ್ಲ.
ಕಪ್ಪುಬಿಳುಪು ಪೆಟ್ಟಿಗೆಯಲ್ಲಿ ಕಿತ್ತಳೆಗೆ ಬಣ್ಣವಿರಲಿಲ್ಲ;
ನಾವು ಕೊಡಗಿನವರು, ನಾವೇ ಹಚ್ಚಿಕೊಂಡೆವು.

ಗ್ರಹಣದ ದಿನ ಅದೇ ಪೆಟ್ಟಿಗೆ
‘ಆಚೆ ನೋಡಬೇಡಿ, ನನ್ನನ್ನು ನೋಡಿ’ ಎಂದಿತು.
ಪೇಟೆಗೆ ಪೇಟೆಯೇ ಕದ ಹಾಕಿ ಕೂತಿತು.
ಬೊಳ್ಳಮ್ಮ ಟೀಚರೊಬ್ಬರೇ ಅಂಗಳದಲ್ಲಿ
ಜರಡಿ ಹಿಡಿದು ನಿಂತಿದ್ದರು.
ನೆಲದ ತುಂಬ ಚಿಕ್ಕ ಚಿಕ್ಕ ಬೆಳಕಿನ ಕುಡುಗೋಲು.

ಕೆಟ್ಟ ಸೆಟ್ಟು ತಂದಿಟ್ಟು ಒಮ್ಮೆ ಅವರೇ ಹೇಳಿದರು:
‘ಈ ಇರುವೆಗಳಲ್ಲಿ ಒಂದೆರಡು
ಲೋಕ ಹುಟ್ಟಿದಾಗ ಹೊರಟವು, ಮೊಯ್ದು.’
ಅವನ್ನು ಓಡಿಸುವುದೇ ನನ್ನ ಹೊಟ್ಟೆಪಾಡು.
ಹದಿನೈದು ರೂಪಾಯಿ ತೆಗೆದುಕೊಂಡೆ.

ಆಮೇಲೆ ಬಣ್ಣ, ಡಿಶ್ಶು, ನೂರೆಂಟು ಚಾನೆಲ್.
ಸಿಂಹ ಜಿಂಕೆ ಹಿಡಿದರೆ ತಮಟೆ.
ಧೂಮಕೇತುವಿಗೆ ರಕ್ತದಕ್ಷರ: ಇನ್ನು ಮೂರೇ ದಿನ!
ವಿಜ್ಞಾನಿ, ಜ್ಯೋತಿಷಿ ಅಕ್ಕಪಕ್ಕದ ಚೌಕದಲ್ಲಿ;
ಅವರಿಗೊಂದು ನಿಮಿಷ,
ಇವರಿಗೆ ಜಾಹೀರಾತು ಮುಗಿದ ಮೇಲೂ.

ಬೆಟ್ಟ ಜಾರಿದ ಆಗಸ್ಟಿನಲ್ಲಿ
ಪರಿಹಾರ ಕೇಂದ್ರವಾದ ಶಾಲೆಗೆ ಟಿ.ವಿ. ಜೋಡಿಸಿ ಕೊಟ್ಟೆ.
ಕೋಟು ತೊಟ್ಟವನೊಬ್ಬ ಗ್ರಾಫಿಕ್ಸಿನ ಗುಡ್ಡದ ಮೇಲೆ ನಿಂತು ಕಿರುಚಿದ.
ಕೆಂಪು ಬಾಣ. ಗುಡುಗು.
ಗುಡ್ಡ ಹಲ್ವದ ಹಾಗೆ ಕುಸಿಯಿತು,
ಎದ್ದು ನಿಂತಿತು, ಮತ್ತೆ ಕುಸಿಯಿತು.
ಚಾಪೆಯ ಮೇಲಿದ್ದ ಪೂವಕ್ಕ
(ಕೊಟ್ಟಿಗೆ, ಎರಡು ಹಸು, ಮೆಣಸಿನ ಬಳ್ಳಿ ಎಲ್ಲ ಅದರಡಿ)
ಕತ್ತು ನೀಡಿ ನೋಡಿದಳು.
‘ನಮ್ಮದು ಹೀಗಲ್ಲ.
ಮೊದಲು ಒರತೆ ಕೆಂಪಗಾಯ್ತು. ಆಮೇಲೆ ನಿಂತೇ ಹೋಯ್ತು.
ಮರಗಳು ನಿಂತುಕೊಂಡೇ ಇಳಿದವು.’

ನಾನು ವೈರು ಕಿತ್ತೆ.
ಈಗಿನ ಟಿ.ವಿ.ಗೆ ಇರುವೆಯೂ ಬರುವುದಿಲ್ಲ, ಬರೀ ನೀಲಿ.
‘ನಿಂತುಕೊಂಡೇ ಅಂದ್ರೆ ಹೆಂಗೆ?’ ಒಬ್ಬ ಹುಡುಗ ಕೇಳಿದ.
ಪೂವಕ್ಕ ತಟ್ಟೆಯ ಅನ್ನವನ್ನು ಗುಡ್ಡೆ ಮಾಡಿದಳು,
ನೆತ್ತಿಗೊಂದು ಕರಿಬೇವಿನೆಲೆ ನಟ್ಟಳು,
ಮೆಲ್ಲಗೆ ಸಾರು ಹೊಯ್ದಳು.
ಇಬ್ಬರೂ ಬಗ್ಗಿ ನೋಡುತ್ತ ಕೂತರು.