ಇಪ್ಪತ್ತು ಹೆಜ್ಜಿ

ಹೊಸ ಬೀಗ ಅವರದು, ಮ್ಯಾಲ ಅರಗಿನ ಮುದ್ರಿ.
ಹಳೇ ಬೀಗದ ಕೈ ಇನ್ನೂ ನನ್ನ ಸೆರಗಿನ ಗಂಟಿನಾಗ ಅದ.
ಹನ್ನೊಂದು ವರ್ಷ ಐತವಾರ ತಪ್ಪದಂಗ ಬಾಗಿಲಾ ತೆಗದ ಕೈಗೆ
ಇವತ್ತು ನಸುಕಿನಾಗ ಏನು ಮಾಡಬೇಕಂತ ತಿಳಿಲಿಲ್ಲ.
ಸುಮ್ಮ ಜೋಳದ ಹಿಟ್ಟು ನಾದಿತು.

ಇದು ಐದನೇ ಐತವಾರ.
ಮೊದಲನೇದಕ್ಕ ಬಂದವರು ನಲವತ್ತು ಮಂದಿ ಇದ್ದರು,
ಪತ್ರಾ ಬಡದರು, ಹಾರ್ಮೋನಿಯಂ ಅಂಗಳಕ್ಕ ಒಗದರು.
(ಅದರ ಮೂರು ಮನಿ ಮೊದಲೇ ಸತ್ತಿದ್ದವು, ಆ ಮಾತು ಬ್ಯಾರೆ.
ಈಗದು ತಾಜಬೀ ಕೊಟ್ಟಿಗ್ಯಾಗ ಗೋಣಿಚೀಲದ ತಳಗ ಅದ,
ಆಡು ಅದರ ಮ್ಯಾಲೇ ಮಲಗ್ತಾವಂತ.)
ಗುಂಪಿನಾಗ ಮಾಣಿಕಪ್ಪನ ಮಗ ಧನರಾಜ ಇದ್ದ.
ಸಣ್ಣಾಂವಿದ್ದಾಗ ಕ್ರಿಸ್‌ಮಸ್ಸಿಗೆ
ಎಲ್ಲಾರಕಿಂತ ಮುಂದ ಕುಂತು
ಎರಡು ಸಲ ಕೇಕು ಇಸಗೊಂಡಾಂವ.
ನಾ ಅವನ ಮಾರಿ ನೋಡಿದೆ.
ಅವ ನನ್ನ ಚಪ್ಪಲಿ ನೋಡಿದ.

ಝರೆಪ್ಪ ಅಯ್ಯಗೋಳು ಒಂದು ರಾತ್ರಿ ಠಾಣೆದಾಗ ಕಳದು ಬಂದರು.
ಕಾಗದದಾಗ ಬರದಿತ್ತಂತ: ಆಮಿಷ.
ಯಾವ ಆಮಿಷರಿ?
ಆ ವಾರ ನಮ್ಮ ಕಾಣಿಕಿ ಡಬ್ಬಿದಾಗ
ನಾನೇ ಎಣಿಸಿದ್ದು ಇನ್ನೂರಾ ಹದಿನಾರು ರೂಪಾಯಿ,
ಅದರಾಗ ಹತ್ತರ ನೋಟೊಂದು ಹರಕು.

'ಮುಂದ ಹ್ಯಾಂಗ?' ಅಂದರು ಎಲ್ಲಾರೂ.
ಮುಂದ ಮುಂದ ನಡಿಯೋ ಬೆಂಕಿ ಕಂಬ ನಮಗೆ ಕಾಣಲಿಲ್ಲ.
ಓಣಿಯೊಳಗ ಇದ್ದದ್ದೊಂದು ಲೈಟಿನ ಕಂಬ,
ಅದರ ಬಲ್ಬು ದೀಪಾವಳಿಗೇ ಹೋಗ್ಯದ.

ಆಗ ನಮ್ಮಪ್ಪ ನೆಪ್ಪಾದ.
ನೌಬಾದಿನ ಸುರಂಗ ಬಾವಿ ಹೂಳು ತೆಗಿಲಿಕ್ಕ
ದಿನಗೂಲಿ ಹೋಗ್ತಿದ್ದ.
ಸಂಜಿಗೆ ಮನಿಗೆ ಬರೋದು ಒಂದು ಕೆಂಪು ಮಣ್ಣಿನ ಗೊಂಬಿ,
ಹಲ್ಲಷ್ಟೇ ಬೆಳ್ಳಗ.
'ಒಳಗ ದಿಕ್ಕಿಲ್ಲವ್ವಾ,' ಅಂತಿದ್ದ,
'ಮೂಡಲಾ ಪಡುವಲಾ ಎಲ್ಲಾ ಮ್ಯಾಲಿನವರಿಗೆ.
ಕಾಲು ನೀರಾಗಿಡು.
ಹಿಮ್ಮಡಕ್ಕ ತಾಕಿದ ನೀರು ಬೆರಳು ದಾಟಿ ಮುಂದ ಹೋದರ
ಹಾದಿ ಸರಿ ಅದ.'
ಅಂಜಿಕಿ ಬರೂದಿಲ್ಲೇನಪ್ಪಾ?
'ಬರ್ತದ.
ಹಿಂದಿನ ಬಾವಿ ಬೆಳಕು ಬೆನ್ನ ಮ್ಯಾಲ ತೀರತದ,
ಮುಂದಿನ ಬಾವಿ ಬೆಳಕು ಇನ್ನೂ ಹುಟ್ಟಿರೂದಿಲ್ಲ.
ನಡುವ ಒಂದು ಇಪ್ಪತ್ತು ಹೆಜ್ಜಿ.
ಆ ಇಪ್ಪತ್ತಕ್ಕ ಎಣಿಕಿ ಬೇಕು, ಜೋಡಿಗೊಬ್ಬ ಬೇಕು.
ತೋಡಿದಾಂವ ಗೊತ್ತಿದ್ದೇ ತೋಡ್ಯಾನ.'

ಅಪ್ಪಗ ಓದು ಬರ್ತಿದ್ದಿಲ್ಲ.
ಅವ ಹೇಳಿದ್ದು ಬಾವಿದು, ಬರೇ ಬಾವಿದು.
ನಾನೇ ಇವತ್ತು ಅದಕ್ಕ ಇನ್ನೊಂದು ಅರ್ಥ ಹಚ್ಚೀನಿ,
ತಪ್ಪಿದ್ದರ ಅವನೇ ಮಾಫ್ ಮಾಡಲಿ.

ಕತ್ತಲಾದ ಮ್ಯಾಲ ಲೇಯಮ್ಮನ ಅಡಗಿ ಮನಿಗೆ
ಒಬ್ಬೊಬ್ಬರಾಗಿ ಬಂದೆವು, ಹದಿನಾಲ್ಕು ಮಂದಿ.
ಚಪ್ಪಲಿ ಒಳಗ ತಂದೆವು, ಹೊರಗ ಕಂಡರ ಎಣಿಸ್ತಾರಂತ.
ಕುಕ್ಕರಿಗೆ ಬ್ಯಾಳಿ ಇಟ್ಟಿದ್ದಳು ಲೇಯಮ್ಮ:
ಸೀಟಿ ಹೊಡದಾಗೆಲ್ಲಾ ಒಂದು ಸಾಲು ಜೋರಾಗಿ ಹಾಡಿದೆವು,
ಸೀಟಿ ನಿಂತರ ತುಟಿಯೊಳಗ.
ಕೂಸೊಂದು ನಕ್ಕಿತು. ಆಮ್ಯಾಲ ನಾವೂ.

ಅಯ್ಯಗೋಳು ಅಂದರು:
ಈಗ ಆ ನಲವತ್ತು ಮಂದಿ ಸಲುವಾಗಿ, ಹೆಸರು ಹಿಡಿದು.
ಧನರಾಜ ಅನ್ನಲಿಕ್ಕ ನನ್ನ ಬಾಯಿ ಏಳಲಿಲ್ಲ.
ಕೇಕಿನ ಪುಡಿ ಹತ್ತಿದ ಆ ಸಣ್ಣ ಗಲ್ಲ ಕಣ್ಣಿಗೆ ಬಂತು,
ಆದರೂ ಏಳಲಿಲ್ಲ.
ಲೇಯಮ್ಮ ನನ್ನ ಮೊಣಕೈ ಹಿಡಿದು
ನನ್ನ ಪಾಲಿಂದೂ ತಾನೇ ಅಂದಳು.

ನಾವು ಈಗ ಎಷ್ಟನೇ ಹೆಜ್ಜ್ಯಾಗ ಇದ್ದೀವಿ?
ಐದೋ, ಹತ್ತೊಂಬತ್ತೋ.
ಅಯ್ಯಗೋಳಿಗೂ ಗೊತ್ತಿಲ್ಲ, ಕೇಳಿದೆ.

ಆಮೆನ್ ಅಂದ ಮ್ಯಾಲೂ ಯಾರೂ ಏಳಲಿಲ್ಲ.
ಹಿಮ್ಮಡಕ್ಕ ತಣ್ಣಗೇನೋ ತಾಕಿದಂಗಾತು.
ಬಾಗಿಲ ಸಂದಿನ ಗಾಳಿ ಇದ್ದೀತು.
ಸೆರಗಿನ ಗಂಟು ಮುಟ್ಟಿ ನೋಡಿಕೊಂಡು
ಎಣಿಸಲಿಕ್ಕ ಸುರು ಮಾಡಿದೆ.